ಮ್ಯಾಕ್ಸಿಮಾ ಕಾಯ್ದ ಮೇಷ್ಟ್ರು

ನಮ್ಮ ಲ್ಯಾಬಿನಲ್ಲಿ ಮ್ಯಾಕ್ಸಿಮಾ ಎಂಬ ಗಣಿತದ ಸಾಫ್ಟ್‌ವೇರ್ ತೆರೆದರೆ ಮೊದಲು ಕಾಣುವುದು ನಾಲ್ಕೈದು ಸಾಲು ಇಂಗ್ಲಿಷ್. ಯಾವ ಆವೃತ್ತಿ, ಯಾವ ಲಿಸ್ಪ್‌ ಮೇಲೆ ಓಡುತ್ತಿದೆ, ಯಾವ ಪರವಾನಗಿ ಎಂಬ ವಿವರ. ಅದರ ಕೆಳಗೆ, ಇದು ವಿಲಿಯಂ ಶೆಲ್ಟರ್ ಅವರ ನೆನಪಿಗೆ ಅರ್ಪಣೆ ಎನ್ನುವ ಒಂದು ಸಾಲು. ಹುಡುಗರು ಅದನ್ನು ಓದುವುದಿಲ್ಲ. ಇರುವ ಹೊತ್ತಿನಲ್ಲಿ ಪ್ರೋಗ್ರಾಂ ಮುಗಿಸಿ, ರೆಕಾರ್ಡಿಗೆ ನನ್ನ ಸಹಿ ಹಾಕಿಸಿಕೊಂಡು ಬಸ್ಸು ಹಿಡಿಯುವ ಅವಸರ ಅವರದು. ಬಾಗಿಲಾಚೆ ಬಿಕಾಂನವರು ಟ್ಯಾಲಿ ತರಗತಿಗೆ ಕಾಯುತ್ತಿರುತ್ತಾರೆ.

ಒಮ್ಮೆ ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಒಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, "ಇವರು ಯಾರಮ್ಮಾ?" ಎಂದು ನಮ್ಮ ವಿದ್ಯಾರ್ಥಿನಿಯನ್ನು ಕೇಳಿದರು. "ಮ್ಯಾಕ್ಸಿಮಾ ಕಂಡುಹಿಡಿದವರು ಸಾರ್" ಅಂದಳು. ಅಂಕ ಸಿಕ್ಕಿತು. ಉತ್ತರ ಮಾತ್ರ ಸರಿಯಿರಲಿಲ್ಲ. ಈ ಸಾಫ್ಟ್‌ವೇರ್ ಅಮೆರಿಕದ ಎಂಐಟಿಯಲ್ಲಿ ಮೊಳೆತ 1968ರಲ್ಲಿ ಶೆಲ್ಟರ್‌ಗೆ ಇಪ್ಪತ್ತೊಂದರ ಆಸುಪಾಸು; ಅದಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಅದು ಅವರ ಕೈಗೆ ಬಂದದ್ದು 1982ರಲ್ಲಿ. ಆಮೇಲೆ 2001ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಕೈಬಿಡಲಿಲ್ಲ. ಗಣಿತದ ಇತಿಹಾಸ ಬರೆಯುವವರು ಪ್ರಮೇಯ ಸಾಧಿಸಿದವರ ಹೆಸರು ಬರೆಯುತ್ತಾರೆ, ಯಂತ್ರ ಕಟ್ಟಿದವರ ಹೆಸರನ್ನೂ ಈಚೆಗೆ ಬರೆಯುತ್ತಿದ್ದಾರೆ. ಕಟ್ಟಿದ್ದು ಬೀಳದ ಹಾಗೆ ನೋಡಿಕೊಂಡವರಿಗೆ ಅಲ್ಲಿ ಜಾಗ ಕಡಿಮೆ. ಅದಕ್ಕೇ ಈ ಬರಹ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗಣಿತ ಹೇಳುವವಳು. ನಾವು ಓದುವಾಗ ಗಣಿತಕ್ಕೆ ಲ್ಯಾಬ್ ಎಂಬುದೇ ಇರಲಿಲ್ಲ. ಸೀಮೆಸುಣ್ಣ, ಕಪ್ಪು ಹಲಗೆ ಇದ್ದರೆ ಮುಗಿಯಿತು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಬಿಎಸ್ಸಿ ಗಣಿತಕ್ಕೆ ಪ್ರಾಕ್ಟಿಕಲ್ ಬಂತು, ಸೈಲ್ಯಾಬ್ ಮತ್ತು ಮ್ಯಾಕ್ಸಿಮಾ ಬಂದವು. ಮುಕ್ತ ತಂತ್ರಾಂಶದಲ್ಲೇ ಮಾಡಿಸಬೇಕೆಂದು ಪಠ್ಯಕ್ರಮದಲ್ಲೇ ಅಚ್ಚಾಗಿತ್ತು. ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳುವ ಮಾತಾಗಿದ್ದರೆ ನಮ್ಮಂಥ ತಾಲ್ಲೂಕು ಕಾಲೇಜುಗಳು ಆ ಪ್ರಾಕ್ಟಿಕಲ್ ಅನ್ನು ಕಾಗದದ ಮೇಲೆಯೇ ಮುಗಿಸುತ್ತಿದ್ದವು.

ಮೊದಲ ವಾರಗಳಲ್ಲೇ ತಪ್ಪದೆ ಒಂದು ಪ್ರಸಂಗ ಬರುತ್ತದೆ. ಎಕ್ಸ್‌ನ ಎನ್‌ನೇ ಘಾತವನ್ನು ಅನುಕಲಿಸು ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಉತ್ತರ ಬರುವುದಿಲ್ಲ, ಎನ್ ಎನ್ನುವುದು ಮೈನಸ್ ಒಂದಕ್ಕೆ ಸಮವೇ ಎಂದು ಮ್ಯಾಕ್ಸಿಮಾ ಕೇಳುತ್ತದೆ. "ಮೇಡಂ, ಇದು ನನ್ನನ್ನೇ ಪ್ರಶ್ನೆ ಕೇಳ್ತೈತೆ!" ಎರರ್ ಬಂತೆಂದು ಕಿಟಕಿ ಮುಚ್ಚಿದವರೂ ಇದ್ದಾರೆ. ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿಸುವಾಗ ಮೇಷ್ಟ್ರು ಹಲಗೆಯ ಮೂಲೆಯಲ್ಲಿ ಚಿಕ್ಕದಾಗಿ ಒಂದು ನಿಬಂಧನೆ ಬರೆದಿರುತ್ತಾರೆ: ಎನ್ ಮೈನಸ್ ಒಂದು ಆಗಿರಬಾರದು. ಆದರೆ ಏನಾಗುತ್ತದೆ? ಕೆಳಗೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಸೂತ್ರ ಮುರಿಯುತ್ತದೆ, ಉತ್ತರ ಲಾಗರಿದಮ್ ಆಗುತ್ತದೆ. ಹುಡುಗರು ಮರೆತ ಆ ನಿಬಂಧನೆಯನ್ನು ಯಂತ್ರ ನೆನಪಿಟ್ಟುಕೊಂಡು ಕೇಳುತ್ತದೆ, ಅಷ್ಟೆ. ಸಂಖ್ಯೆ ಹಾಕಿ ಲೆಕ್ಕ ಮಾಡುವ ಯಂತ್ರಕ್ಕೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಇಟ್ಟುಕೊಂಡು ಲೆಕ್ಕ ಮಾಡುವ ಯಂತ್ರಕ್ಕೆ ಹುಟ್ಟುತ್ತದೆ. ಕಂಪ್ಯೂಟರ್ ಬೀಜಗಣಿತ ಎನ್ನುವುದು ಅದನ್ನೇ.

ಅಕ್ಷರದ ಲೆಕ್ಕದಲ್ಲಿ ಮನುಷ್ಯ ಎಷ್ಟು ಬೆವರು ಸುರಿಸಬೇಕಿತ್ತು ಎನ್ನುವುದಕ್ಕೆ ಆ ಕ್ಷೇತ್ರದವರೆಲ್ಲ ಹೇಳುವ ಒಂದು ಕಥೆಯಿದೆ. 19ನೇ ಶತಮಾನದ ಫ್ರೆಂಚ್ ಖಗೋಳಜ್ಞ ಶಾರ್ಲ್ ದೆಲೊನೆ ಚಂದ್ರನ ಚಲನೆಯ ಸೂತ್ರವನ್ನು ಕೈಯಲ್ಲೇ ಬಿಡಿಸಲು ಕುಳಿತರು. ಬಿಡಿಸಲು ಹತ್ತು ವರ್ಷ, ತಾಳೆ ನೋಡಲು ಇನ್ನು ಹತ್ತು ವರ್ಷ. 1860 ಮತ್ತು 1867ರಲ್ಲಿ ಎರಡು ದಪ್ಪ ಸಂಪುಟಗಳು ಬಂದವು. 1970ರಲ್ಲಿ ಅಮೆರಿಕದ ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿ ಡೆಪ್ರಿ, ಹೆನ್ರಾರ್, ರಾಮ್ ಎಂಬ ಮೂವರು ಅದನ್ನೇ ಕಂಪ್ಯೂಟರಿಗೆ ಕೊಟ್ಟರು. ಸುಮಾರು 20 ಗಂಟೆಯಲ್ಲಿ ಮುಗಿಯಿತು. ದೆಲೊನೆ ಮಾಡಿದ್ದ ತಪ್ಪು ಮೂರೇ ಮೂರು. ಅದರಲ್ಲೂ ಎರಡು ಮೊದಲನೆಯದರಿಂದಲೇ ಹುಟ್ಟಿದವು. ಈ ಕಥೆ ಹೇಳುವವರು ಕಂಪ್ಯೂಟರಿನ ವೇಗ ಮೆಚ್ಚುತ್ತಾರೆ. ನನಗೆ ಮೆಚ್ಚುಗೆ ದೆಲೊನೆಯ ಮೇಲೆ.

ಎಂಐಟಿಯಲ್ಲಿ ಈ ಕೆಲಸ ಶುರುವಾದದ್ದು ಯಂತ್ರಕ್ಕೆ ಬುದ್ಧಿ ಕಲಿಸುವ ಹುರುಪಿನಲ್ಲಿ. ಮಾರ್ವಿನ್ ಮಿನ್ಸ್ಕಿ ಅವರ ಬಳಿ ಜೇಮ್ಸ್ ಸ್ಲೇಗಲ್ ಎಂಬ ಅಂಧ ವಿದ್ಯಾರ್ಥಿ 1961ರಲ್ಲಿ ಸೇಂಟ್ ಎನ್ನುವ ಪ್ರೋಗ್ರಾಂ ಬರೆದರು. ಮೊದಲ ವರ್ಷದ ಪದವಿ ವಿದ್ಯಾರ್ಥಿಗಳ ಮಟ್ಟದ 86 ಅನುಕಲನ ಲೆಕ್ಕ ಕೊಟ್ಟರೆ 84 ಬಿಡಿಸಿತು. ಅದು ವಿದ್ಯಾರ್ಥಿಯ ಹಾಗೆಯೇ ತಡಕಾಡುತ್ತಿತ್ತು: ಈ ಆದೇಶ ಹಾಕಿ ನೋಡೋಣ, ಆಗಲಿಲ್ಲವೇ, ಇನ್ನೊಂದು. 1967ರಲ್ಲಿ ಅದೇ ಗುರುವಿನ ಇನ್ನೊಬ್ಬ ಶಿಷ್ಯ ಜೋಯೆಲ್ ಮೋಸೆಸ್ ತಡಕಾಟ ಕಡಿಮೆ ಮಾಡಿ ಗಣಿತ ಹೆಚ್ಚು ತುಂಬಿದ ಪ್ರೋಗ್ರಾಂ ಬರೆದು ಅದಕ್ಕೆ ಸಿನ್ ಎಂದು ಹೆಸರಿಟ್ಟರು. ಸಂತನಾದ ಮೇಲೆ ಪಾಪಿ! 1969-70ರಲ್ಲಿ ರಾಬರ್ಟ್ ರಿಶ್ ಎಂಬ ಗಣಿತಜ್ಞರು ಇನ್ನೂ ಮುಂದೆ ಹೋಗಿ, ಒಂದು ಉತ್ಪನ್ನದ ಅನುಕಲನ ನಮಗೆ ಪರಿಚಿತವಾದ ಉತ್ಪನ್ನಗಳಲ್ಲಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ, ಇದ್ದರೆ ಅದನ್ನು ತೆಗೆದುಕೊಡುವ ವಿಧಾನ ಕೊಟ್ಟರು. ಊಹೆಗೆ ಬಿಟ್ಟಿದ್ದ ಅನುಕಲನಕ್ಕೆ ಹೀಗೆ ನಿಯಮ ಬಂತು.

1968ರ ಜುಲೈಯಲ್ಲಿ ಮೋಸೆಸ್, ವಿಲಿಯಂ ಮಾರ್ಟಿನ್, ಕಾರ್ಲ್ ಎಂಗಲ್‌ಮನ್ ಮೂವರೂ ಸೇರಿ, ಬಿಡಿಬಿಡಿಯಾಗಿದ್ದ ಇಂಥ ಕೆಲಸಗಳನ್ನೆಲ್ಲ ಒಂದೇ ಸೂರಿನಡಿ ತರುವ ಯೋಜನೆ ಹಾಕಿದರು. ಪ್ರಾಜೆಕ್ಟ್ ಮ್ಯಾಕ್ ಎಂಬ ಪ್ರಯೋಗಾಲಯದ ಹೆಸರು ಹೊತ್ತು ಅದು ಮ್ಯಾಕ್ಸಿಮಾ ಆಯಿತು. ನಾವೀಗ ಬಳಸುವುದರ ಹೆಸರೂ ಕಿವಿಗೆ ಅದೇ ಆದರೂ ಎರಡೂ ಬೇರೆ. ಗೊಂದಲ ಬೇಡವೆಂದು ಹಳೆಯದನ್ನು ಇಲ್ಲಿ ಎಂಐಟಿ ಮ್ಯಾಕ್ಸಿಮಾ ಅನ್ನುತ್ತೇನೆ. 1970ರ ದಶಕದಲ್ಲಿ ಅದು ಎಂಐಟಿಯ ಒಂದು ಪಿಡಿಪಿ-10 ಯಂತ್ರದಲ್ಲಿ ಕೂತಿತ್ತು. ಇಂಟರ್ನೆಟ್ಟಿನ ತಾಯಿ ಎನ್ನಬಹುದಾದ ಅರ್ಪಾನೆಟ್ ಮೂಲಕ ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳು ಆ ಒಂದೇ ಯಂತ್ರಕ್ಕೆ ಲಾಗಿನ್ ಆಗಿ ಲೆಕ್ಕ ಮಾಡುತ್ತಿದ್ದರು. ಖರ್ಚಿಗೆ ಅಮೆರಿಕದ ಇಂಧನ ಇಲಾಖೆ, ನಾಸಾ, ನೌಕಾಪಡೆ ಇಂಥವರ ಹಣ. ಪ್ರೋಗ್ರಾಂ ಬೆಳೆಯುತ್ತಾ ಹೋಗಿ ಆ ಯಂತ್ರದ ಮೆಮೊರಿಯೇ ಸಾಲದಾಯಿತು.

1980ರ ದಶಕ ಕಾಲಿಡುವಾಗ ಇದಕ್ಕೆ ಬೆಲೆಯಿದೆ ಎಂದು ಎಲ್ಲರಿಗೂ ಹೊಳೆಯಿತು. 1982ರಲ್ಲಿ ಮಾರುವ ಹಕ್ಕು, ನಡುವೆ ಒಂದು ಕೈ ದಾಟಿ, ಸಿಂಬಾಲಿಕ್ಸ್ ಎಂಬ ಕಂಪನಿಗೆ ಸೇರಿತು. ಸಾರ್ವಜನಿಕರ ದುಡ್ಡಲ್ಲಿ ಬೆಳೆದದ್ದು ಹೀಗೆ ಬಾಗಿಲು ಹಾಕಿಕೊಳ್ಳುವುದು ಸರಿಯಲ್ಲ ಎಂದು ಬರ್ಕ್ಲಿಯ ರಿಚರ್ಡ್ ಫೇಟ್‌ಮನ್ ಅಂಥವರು ವಾದಿಸುತ್ತಲೇ ಬಂದಿದ್ದರು. ಅನುದಾನ ಕೊಟ್ಟಿದ್ದ ಇಂಧನ ಇಲಾಖೆಯೂ ಪಟ್ಟು ಹಿಡಿದದ್ದರಿಂದ ಅದಕ್ಕೊಂದು ಪ್ರತಿ ಸಿಕ್ಕಿತು. ಕಂಪನಿಯ ಕೈ ಸೇರಿದ ಎಂಐಟಿ ಮ್ಯಾಕ್ಸಿಮಾ ಒಂದಷ್ಟು ಕಾಲ ಮಾರಾಟವಾಯಿತು, 1992ರಲ್ಲಿ ಮತ್ತೆ ಮಾಲೀಕರು ಬದಲಾದರು, ಕೆನಡಾದ ಮೇಪಲ್ ಮತ್ತು 1988ರಲ್ಲಿ ಬಂದ ಮ್ಯಾಥಮ್ಯಾಟಿಕಾದ ಅಬ್ಬರದ ಮುಂದೆ ಸೊರಗಿತು. ಅದರ ಕಥೆ ಅಷ್ಟಕ್ಕೆ ಸಾಕು. ನಮ್ಮ ಲ್ಯಾಬಿಗೆ ಬಂದದ್ದು ಇಲಾಖೆಯ ಕಪಾಟಿನಲ್ಲಿದ್ದ ಪ್ರತಿಯ ಸಂತಾನ.

ಆ ಪ್ರತಿಯನ್ನು ಪಡೆದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಶೆಲ್ಟರ್. 1972ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ಅವರ ವಿಷಯ ಪರಿವರ್ತನ ನಿಯಮ ಪಾಲಿಸದ ರಿಂಗ್‌ಗಳು, ಎಂದರೆ ಎ ಗುಣಿಸು ಬಿ ಮತ್ತು ಬಿ ಗುಣಿಸು ಎ ಬೇರೆ ಬೇರೆಯಾಗಬಹುದಾದ ಬೀಜಗಣಿತ. ಇದನ್ನು ಪ್ರಾಕ್ಟಿಕಲ್ ತರಗತಿಯಲ್ಲಿ ಕಣ್ಣಾರೆ ತೋರಿಸಬಹುದು, ತೋರಿಸುತ್ತೇನೆ ಕೂಡ.

ಎ ಮ್ಯಾಟ್ರಿಕ್ಸಿನ ಮೊದಲ ಅಡ್ಡಸಾಲು 1, 2. ಎರಡನೆಯದು 3, 4. ಬಿ ಮ್ಯಾಟ್ರಿಕ್ಸಿನ ಮೊದಲ ಸಾಲು 0, 1. ಎರಡನೆಯದು 1, 0. ಗುಣಿಸಿ ಎಂದರೆ ಎಲ್ಲರ ಬೆರಳೂ ನಕ್ಷತ್ರದ ಕೀಲಿಗೇ ಹೋಗುತ್ತದೆ. ಆಗ ಮ್ಯಾಕ್ಸಿಮಾ ಆಯಾ ಜಾಗದ ಅಂಕಿಗಳನ್ನಷ್ಟೇ ಗುಣಿಸಿ 0, 2 ಮತ್ತು 3, 0 ಎಂಬ ಸಾಲುಗಳನ್ನು ಕೊಡುತ್ತದೆ. ಅದು ಮ್ಯಾಟ್ರಿಕ್ಸ್ ಗುಣಾಕಾರವಲ್ಲ. ನಕ್ಷತ್ರದ ಬದಲು ಚುಕ್ಕೆ ಹಾಕಬೇಕು. ಎ ಚುಕ್ಕೆ ಬಿ ಎಂದರೆ 2, 1 ಮತ್ತು 4, 3: ಕಂಬಸಾಲುಗಳು ಅದಲುಬದಲು. ಬಿ ಚುಕ್ಕೆ ಎ ಎಂದರೆ 3, 4 ಮತ್ತು 1, 2: ಅಡ್ಡಸಾಲುಗಳು ಅದಲುಬದಲು. ನಕ್ಷತ್ರಕ್ಕೆ ಎಡಬಲದ ಭೇದವಿಲ್ಲ, ಚುಕ್ಕೆಗೆ ಇದೆ. ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಕಳೆಯುವುದು ಇಲ್ಲೇ. ಶೆಲ್ಟರ್ ಅವರ ಗಣಿತ ಜೀವನವೆಲ್ಲ ಈ ಚುಕ್ಕೆಯ ಕಡೆಗೇ ಇತ್ತು.

ಅವರ ಹೆಸರು ಬೀಜಗಣಿತದವರ ಬಾಯಲ್ಲಿ ಇಂದಿಗೂ ಇರುವುದು ಮೈಕೆಲ್ ಆರ್ಟಿನ್ ಜೊತೆ 1987ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ನಾವು ಶಾಲೆಯಲ್ಲಿ ಕಲಿಯುವ ಮೂರು ಚರಾಕ್ಷರದ ಬಹುಪದೋಕ್ತಿಗಳು ಬಲು ಸಭ್ಯವಾದವು; ಗುಣಿಸುವ ಕ್ರಮ ಬದಲಾದರೂ ಏನೂ ಆಗುವುದಿಲ್ಲ. ಆ ಸೌಲಭ್ಯ ಕಿತ್ತುಕೊಂಡು, ಮಿಕ್ಕ ಸಭ್ಯತೆಯೆಲ್ಲ ಉಳಿಯುವಂಥ ಬೀಜಗಣಿತಗಳು ಎಷ್ಟು ಬಗೆ ಎಂದು ಅವರಿಬ್ಬರೂ ಹುಡುಕಿದರು. ಅವಕ್ಕೀಗ ಆರ್ಟಿನ್-ಶೆಲ್ಟರ್ ಬೀಜಗಣಿತ ಎಂದೇ ಹೆಸರು. ಮೂರು ವರ್ಷದ ಮೇಲೆ ಆರ್ಟಿನ್, ಜಾನ್ ಟೇಟ್, ಮಿಶೆಲ್ ವಾನ್ ಡೆನ್ ಬರ್ಗ್ ಸೇರಿ ಇವುಗಳ ಹಿಂದೆ ಎಲಿಪ್ಟಿಕ್ ಕರ್ವ್‌ಗಳು ಅಡಗಿರುವುದನ್ನು ತೋರಿಸಿದಾಗ ಅದೇ ಒಂದು ಹೊಸ ಜ್ಯಾಮಿತಿಯಾಗಿ ಬೆಳೆಯಿತು.

ಇಂಥ ಲೆಕ್ಕ ಕೈಯಲ್ಲಿ ಮಾಡುವುದು ಕಷ್ಟ. ಜೆಡ್, ವೈ, ಎಕ್ಸ್ ಎಂಬ ಮೂರು ಅಕ್ಷರ ಸಾಲಾಗಿ ನಿಂತಿವೆ ಎನ್ನಿ. ಜೆಡ್-ವೈ ಜೋಡಿ ಬಂದಲ್ಲಿ ಇದನ್ನು ಇಡು, ವೈ-ಎಕ್ಸ್ ಜೋಡಿ ಬಂದಲ್ಲಿ ಅದನ್ನು ಇಡು ಎಂಬ ಎರಡು ನಿಯಮ ಇವೆ. ನಡುವಿನ ವೈ ಎರಡೂ ಜೋಡಿಗೆ ಸೇರಿದ್ದು. ಎಡದಿಂದ ಶುರು ಮಾಡಿದರೂ ಬಲದಿಂದ ಶುರು ಮಾಡಿದರೂ ಕೊನೆಗೆ ಒಂದೇ ಉತ್ತರ ಬರಬೇಕು. ಬಾರದಿದ್ದರೆ ನಿಯಮಗಳ ಪಟ್ಟಿ ಪೂರ್ತಿಯಾಗಿಲ್ಲ ಎಂದರ್ಥ. ಇನ್ನೊಂದು ನಿಯಮ ಸೇರಿಸಬೇಕು, ಮತ್ತೆ ಎಲ್ಲ ಜೋಡಿಯನ್ನೂ ತಾಳೆ ನೋಡಬೇಕು. ಅಕ್ಷರಗಳ ಸಾಲು ಉದ್ದವಾದಂತೆ ಪುಟಗಟ್ಟಲೆ ಲೆಕ್ಕ. ಮ್ಯಾಕ್ಸಿಮಾದಲ್ಲಿ ಈಗಲೂ ಅಫೈನ್ ಎಂಬ ಪ್ಯಾಕೇಜ್ ಒಂದಿದೆ, ಶೆಲ್ಟರ್ ಬರೆದದ್ದು. ಚುಕ್ಕೆ ಗುಣಾಕಾರಕ್ಕೆ ನಿಯಮ ಹಾಕುವುದು, ಹೀಗೆ ಜೋಡಿಗಳು ಒಂದರ ಮೇಲೊಂದು ಬರುವಲ್ಲಿ ತಾಳೆ ನೋಡುವುದು ಅದರ ಕಸುಬು. ಹಾಗಾಗಿ ಇಲಾಖೆಯಿಂದ ಆ ಹಳೆಯ ಕೋಡ್ ತಂದದ್ದು ಶೆಲ್ಟರ್‌ಗೆ ಬರೀ ಹವ್ಯಾಸವಾಗಿರಲಿಲ್ಲ. ತಮ್ಮ ಗಣಿತಕ್ಕೆ ಬೇಕಾಗಿತ್ತು.

ಬೇಕಾದ್ದಕ್ಕೂ ಹತ್ತೊಂಬತ್ತು ವರ್ಷ ದುಡಿದದ್ದಕ್ಕೂ ನಡುವೆ ದೊಡ್ಡ ಅಂತರವಿದೆ. ಹಳೇ ಹೆಂಚಿನ ಮನೆಯ ರಿಪೇರಿಗೆ ಕೈ ಹಾಕಿದವರಿಗೆ ಇದು ಗೊತ್ತು: ಒಂದು ಹೆಂಚು ಬದಲಿಸಲು ಏಣಿ ಹತ್ತಿದರೆ ರೀಪು ಲಡ್ಡಾಗಿರುತ್ತದೆ, ರೀಪು ಕಿತ್ತರೆ ತೊಲೆ, ತೊಲೆಗೆ ಕೈ ಹಾಕಿದರೆ ಗೋಡೆ. ಎಂಐಟಿಯವರು ಬರೆದದ್ದು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮ್ಯಾಕ್‌ಲಿಸ್ಪ್ ಎಂಬ ಉಪಭಾಷೆಯಲ್ಲಿ, ಅದು ಸಾಯುತ್ತಿತ್ತು. 1984ರ ಹೊತ್ತಿಗೆ ಎಲ್ಲರೂ ಕಾಮನ್ ಲಿಸ್ಪ್ ಕಡೆಗೆ ಹೊರಳಿದರು. ಶೆಲ್ಟರ್ ಅಷ್ಟು ದೊಡ್ಡ ಕೋಡನ್ನು ಅದಕ್ಕೆ ಒಗ್ಗಿಸಿದರು. ಕಾಮನ್ ಲಿಸ್ಪ್ ಓಡಬೇಕಾದರೆ ಅಗ್ಗದ ಯಂತ್ರದಲ್ಲೂ ಓಡುವ ಲಿಸ್ಪ್ ಬೇಕು. ಜಪಾನಿನ ಕ್ಯೋಟೊದಲ್ಲಿ ತಾಯಿಚಿ ಯುವಾಸಾ ಮತ್ತು ಮಸಾಮಿ ಹಗಿಯಾ ಅಂಥದೊಂದನ್ನು ಬರೆದಿದ್ದರು. ಅದು ಲಿಸ್ಪನ್ನು ಸಿ ಭಾಷೆಗೆ ತಿರುಗಿಸಿ ಓಡಿಸುತ್ತಿತ್ತು. ಶೆಲ್ಟರ್ ಅದನ್ನು ತಿದ್ದಿ ತೀಡಿದ್ದು ಆಸ್ಟಿನ್ ಕ್ಯೋಟೊ ಕಾಮನ್ ಲಿಸ್ಪ್ ಆಯಿತು, ಮುಂದೆ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯ ಹೆಸರು ಹೊತ್ತು ಗ್ನು ಕಾಮನ್ ಲಿಸ್ಪ್ ಆಯಿತು. ಸಿಗೆ ತಿರುಗಿಸಿದ ಮೇಲೆ ಅದನ್ನು ಯಂತ್ರದ ಭಾಷೆಗೆ ಇಳಿಸುವ ಸಿ ಕಂಪೈಲರ್ ಬೇಡವೇ? ಇಂಟೆಲ್‌ನ 386 ಚಿಪ್‌ಗೆ ಗ್ನು ಸಿ ಕಂಪೈಲರನ್ನು ಮೊದಲು ಒಗ್ಗಿಸಿದವರೂ ಇದೇ ಶೆಲ್ಟರ್. ಒಂದರ ಹಿಂದೆ ಒಂದಾಗಿ ಅವರನ್ನು ಎಳೆದದ್ದು ಯಾವ ಅಗತ್ಯ ಎಂದು ಅವರ ಬಾಯಿಂದ ಕೇಳಿದವಳಲ್ಲ ನಾನು. ಕೆಲಸಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಹೆಂಚಿನಿಂದ ಗೋಡೆಗೆ ಇಳಿದದ್ದು ಹೀಗೆಯೇ ಅನ್ನಿಸುತ್ತದೆ.

ಅವರ ಗೋಡೆಯ ಮೇಲೆ ಮಿಕ್ಕವರೂ ಮನೆ ಕಟ್ಟಿದರು. 1991ರಲ್ಲಿ ಲಿನಸ್ ಟಾರ್ವಾಲ್ಡ್ಸ್ ಫಿನ್ಲೆಂಡಿನಲ್ಲಿ ಲಿನಕ್ಸ್‌ನ ಮೊದಲ ಕರ್ನಲ್ ಕಂಪೈಲ್ ಮಾಡಿದ್ದು ಒಂದು 386 ಯಂತ್ರದಲ್ಲಿ, ಗ್ನು ಕಂಪೈಲರ್ ಬಳಸಿ. ಐಬಿಎಂನವರ ಆಕ್ಸಿಯಂ ಎಂಬ ಇನ್ನೊಂದು ಬೀಜಗಣಿತ ವ್ಯವಸ್ಥೆಗೆ ತಳಹದಿ ಇದೇ ಆಸ್ಟಿನ್ ಲಿಸ್ಪ್. ಅದೇ ಆಸ್ಟಿನ್‌ನಲ್ಲಿ ಚೀನಾದ ವು ವೆನ್‌ಜುನ್ ವಿಧಾನ ಹಿಡಿದು ಜ್ಯಾಮಿತಿಯ ಪ್ರಮೇಯಗಳನ್ನು ಯಂತ್ರದಿಂದಲೇ ಸಾಧಿಸುತ್ತಿದ್ದ ಚೌ ಶಾಂಗ್-ಚಿಂಗ್ ಜೊತೆ ಸೇರಿ 1986ರಲ್ಲಿ ಶೆಲ್ಟರ್ ಪ್ರಬಂಧ ಬರೆದರು. ಚೌ 1988ರ ತಮ್ಮ ಪುಸ್ತಕದಲ್ಲಿ ಹೀಗೆ ಸಾಧಿಸಿದ 512 ಪ್ರಮೇಯ ಕೊಟ್ಟಿದ್ದಾರೆ. ಕೋನ, ವೃತ್ತ, ಲಂಬ ಎಲ್ಲವನ್ನೂ ಬಹುಪದೋಕ್ತಿ ಸಮೀಕರಣ ಮಾಡಿ, ಭಾಗಾಕಾರ ಮಾಡುತ್ತಾ ಹೋಗಿ ಶೇಷ ಸೊನ್ನೆ ಬಂದರೆ ಪ್ರಮೇಯ ನಿಜ. ಹೈಸ್ಕೂಲಿನಲ್ಲಿ ರೈಡರ್ ಬಿಡಿಸಲು ತಲೆ ಕೆರೆದುಕೊಂಡವರಿಗೆ ಇದು ಸ್ವಲ್ಪ ಅನ್ಯಾಯ ಅನ್ನಿಸಬಹುದು.

ಕಂಪೈಲರ್ ತಿದ್ದಿದ್ದು, ಲಿಸ್ಪ್ ಒಗ್ಗಿಸಿದ್ದು ಗಣಿತ ವಿಭಾಗದ ಬಡ್ತಿಯ ಅರ್ಜಿಯಲ್ಲಿ ಎಲ್ಲಿ ಬರೆಯುತ್ತಾರೆ? ನಮ್ಮಲ್ಲಿ ಎಪಿಐ ಅಂಕದ ಫಾರಂ ತುಂಬಿದವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ಪ್ರಬಂಧಕ್ಕೆ ಅಂಕಣವಿದೆ, ಸೆಮಿನಾರಿಗೆ ಅಂಕಣವಿದೆ. ಬೇರೆಯವರು ಬರೆದ ಕೋಡಿನಲ್ಲಿ ಯಾರೋ ಕಳಿಸಿದ ತಪ್ಪು ಹುಡುಕಿ ಸರಿಪಡಿಸಿದ್ದಕ್ಕೆ ಇಲ್ಲ. ಶೆಲ್ಟರ್‌ಗೆ ಆರ್ಟಿನ್ ಜೊತೆಗಿನ ಪ್ರಬಂಧವೊಂದೇ ಸಾಕಿತ್ತು ಎಂದು ವಾದಿಸಬಹುದು. ನನ್ನ ಎಣಿಕೆಯಲ್ಲಿ ಆ ಪ್ರಬಂಧ ಇನ್ನಾರಾದರೂ ಮುಂದೊಂದು ದಿನ ಬರೆಯುತ್ತಿದ್ದರು. ಇಲಾಖೆಯ ಕಪಾಟಿನಲ್ಲಿದ್ದ ಕೋಡ್ ಮಾತ್ರ ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಯಾವ ಯಂತ್ರದಲ್ಲೂ ಓಡದ ಹಾಗೆ ಆಗಿರುತ್ತಿತ್ತು. ಬೀಜಗಣಿತದವರು ಇದನ್ನು ಒಪ್ಪಲಿಕ್ಕಿಲ್ಲ.

ಕೋಡ್ ಉಳಿಸಿದ ಮಾತ್ರಕ್ಕೆ ಅದನ್ನು ಹಂಚುವ ಹಕ್ಕು ಬರುವುದಿಲ್ಲ. ಅದಕ್ಕೆ ಇಂಧನ ಇಲಾಖೆಯ ಒಪ್ಪಿಗೆ ಬೇಕಿತ್ತು. 1998ರಲ್ಲಿ ಆ ಒಪ್ಪಿಗೆ ಪಡೆದು ಶೆಲ್ಟರ್ ತಮ್ಮ ಪ್ರತಿಯನ್ನು ಗ್ನು ಸಾರ್ವಜನಿಕ ಪರವಾನಗಿಯಡಿ ಬಿಡುಗಡೆ ಮಾಡಿದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಮೂವತ್ತು ವರ್ಷ ಹಳೆಯದಾಗಿದ್ದ ಪ್ರೋಗ್ರಾಂ ಹೀಗೆ ಎಲ್ಲರದೂ ಆಯಿತು. ನಮ್ಮ ಪಠ್ಯಕ್ರಮ ಸಮಿತಿಯವರು ಮುಂದೊಂದು ದಿನ ಮುಕ್ತ ತಂತ್ರಾಂಶ ಎಂದು ಬರೆಯಲು ಸಾಧ್ಯವಾದದ್ದರ ಹಿಂದೆ ಇರುವುದು ಆ ಒಪ್ಪಿಗೆಯೇ.

2001ರ ಬೇಸಗೆಯಲ್ಲಿ ರಷ್ಯಾ ಪ್ರವಾಸದಲ್ಲಿದ್ದಾಗ ಶೆಲ್ಟರ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54. ಒಬ್ಬರೇ ನೋಡಿಕೊಳ್ಳುತ್ತಿದ್ದ ಕೆಲಸಕ್ಕೆ ಆ ಒಬ್ಬರು ಹೋದ ಮೇಲೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಇಲ್ಲಿ ಹಾಗಾಗಲಿಲ್ಲ, ಪರವಾನಗಿ ಆಗಿಹೋಗಿತ್ತು. ಬಳಸುತ್ತಿದ್ದವರೇ ಸೇರಿ ಹೊಣೆ ಹೊತ್ತರು. 2003ರಲ್ಲಿ ಹೊಸ ಆವೃತ್ತಿ ಬಂತು, ಆಮೇಲೆ ಬರುತ್ತಲೇ ಇದೆ. ತೆರೆದ ಕೂಡಲೇ ಕಾಣುವ ಅರ್ಪಣೆಯ ಸಾಲು ಹಾಕಿದವರು ಅವರು.

ಈಗ ನಮ್ಮ ಪಠ್ಯಕ್ರಮ ಪೈಥಾನ್ ಕಡೆಗೆ ಸರಿಯುತ್ತಿದೆ. ಮ್ಯಾಕ್ಸಿಮಾ ಹಳೆಯದಾಯಿತು ಮೇಡಂ ಎನ್ನುವ ಕಿರಿಯ ಸಹೋದ್ಯೋಗಿಗಳಿದ್ದಾರೆ. ಹಳೆಯದು ಹೌದು. ಅವರು ಮೆಚ್ಚುವ ಸೇಜ್ ಇದೆಯಲ್ಲ, 2005ರಲ್ಲಿ ವಿಲಿಯಂ ಸ್ಟೈನ್ ಶುರು ಮಾಡಿದ್ದು, ಪೈಥಾನ್‌ನಲ್ಲೇ ಮಾತಾಡುವಂಥದ್ದು, ಅದಕ್ಕೆ ಅನುಕಲನದ ಲೆಕ್ಕ ಕೊಟ್ಟರೆ ಒಳಗೆ ಕೂತು ಬಿಡಿಸಲು ಹೊರಡುವುದು ಮ್ಯಾಕ್ಸಿಮಾವೇ. ಈ ಮಾತು ಸ್ಟಾಫ್ ರೂಮಿನಲ್ಲಿ ಹೇಳುವಾಗ ನನಗೆ ಆಗುವ ಖುಷಿ ಅಷ್ಟೇನೂ ಘನವಾದದ್ದಲ್ಲ.

ಮ್ಯಾಕ್ಸಿಮಾದ ಕೈಪಿಡಿ ಸ್ಪ್ಯಾನಿಷ್, ಪೋರ್ಚುಗೀಸ್, ಜರ್ಮನ್‌ನಲ್ಲಿದೆ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಿಂದ ಬರುವ ಹುಡುಗರಿಗೆಂದು ನಾನೇ ಆದೇಶಗಳ ಒಂದು ಕಿರುಹೊತ್ತಿಗೆ ಮಾಡಿ ಜೆರಾಕ್ಸ್ ಹಂಚುತ್ತೇನೆ. ಅವಕಲನ, ಅನುಕಲನ, ಮ್ಯಾಟ್ರಿಕ್ಸ್, ಗ್ರಾಫ್ ಎಲ್ಲ ಇದೆ. ಚುಕ್ಕೆಗೆಂದೇ ಒಂದು ಪುಟ ಕೊಟ್ಟಿದ್ದೇನೆ. ಅಫೈನ್ ಪ್ಯಾಕೇಜ್ ಬಿಟ್ಟಿದ್ದೇನೆ. ಬಿಎಸ್ಸಿಗೆ ಅದು ಬೇಡ.